ಕಪ್ಪು ಬಂದ್ರೆ "ಡ್ರಾ ಸಾಕು" ಅನ್ನೋ ಮಕ್ಕಳಿಗೆ ಈ ಆಟ ತೋರಿಸಿ: ಅರೋನಿಯನ್–ಆನಂದ್, 2013

ತುಂಗಾತೀರ_ಕುದುರೆ:
ಎಲ್ರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ಭಾನುವಾರ ಮಕ್ಕಳಿಗೆ ಚೆಸ್ ಹೇಳ್ಕೊಡ್ತೀನಿ. ತುಂಬಾ ದಿನದಿಂದ ತಲೆ ಕೊರೀತಿರೋ ವಿಷ್ಯ ಒಂದಿದೆ, ಇಲ್ಲಿ ಹಾಕ್ತಿದೀನಿ. ಟೂರ್ನಮೆಂಟಲ್ಲಿ ಯಾರಿಗೆ ಯಾರ ಜೊತೆ ಆಟ ಅನ್ನೋ ಪೇರಿಂಗ್ ಶೀಟ್ ಗೋಡೆಗೆ ಅಂಟಿಸ್ತಿದ್ದಂಗೆ ನಮ್ ಮಕ್ಕಳು ಓಡಿಹೋಗಿ ಮೊದ್ಲು ನೋಡೋದೇ ಬಣ್ಣ. ಕಪ್ಪು ಬಂತು ಅಂದ್ರೆ ಮುಖ ಸಪ್ಪೆ, ಪಕ್ಕದಲ್ಲಿ ನಿಂತ ಅಪ್ಪ ಅಮ್ಮನೂ "ಪರ್ವಾಗಿಲ್ಲ ಪುಟ್ಟ, ಡ್ರಾ ಮಾಡ್ಕೊಂಡ್ರೆ ಸಾಕು" ಅಂತ ಬೆನ್ನು ತಟ್ಟಿ ಕಳಿಸ್ತಾರೆ, ಪಾಪ ಮಗು ಬೋರ್ಡ್ ಮುಂದೆ ಕೂರೋ ಮುಂಚೆನೇ ಅರ್ಧ ಸೋತಿರುತ್ತೆ.

ಬಿಳಿಗೆ ಮೊದಲ ನಡೆ ಇದೆ, ಅದ್ರಿಂದ ಸ್ವಲ್ಪ ಅನುಕೂಲ ಇದೆ, ನಿಜ. ದೊಡ್ಡ ಡೇಟಾಬೇಸ್ ತೆಗೆದು ನೋಡಿದ್ರೆ ಬಿಳಿ ಕಡೆ ಸ್ಕೋರು ನೂರಕ್ಕೆ 54-55ರ ಆಸುಪಾಸು ಬರುತ್ತೆ. ಉಳಿದದ್ದು ಕಪ್ಪಿಂದೇ ತಾನೆ? ನಮ್ ತಾಲ್ಲೂಕು ಮಟ್ಟ, ಜಿಲ್ಲಾ ಮಟ್ಟದಲ್ಲಿ ಮೊದಲ ನಡೆಯಿಂದ ಯಾವ ಆಟನೂ ತೀರ್ಮಾನ ಆಗಿದ್ದು ನಾ ಕಂಡಿಲ್ಲ, ಇಪ್ಪತ್ತೈದನೇ ನಡೇಲಿ ಸುಮ್ನೆ ಆನೆ ಬಿಟ್ಕೊಟ್ಟು ತೀರ್ಮಾನ ಆಗುತ್ತೆ.

ಹಂಗಾಗಿ ನಾನೀಗ ಮಕ್ಕಳಿಗೆ ತೋರಿಸ್ತಿರೋದು 2013ರ ಜನವರಿಯಲ್ಲಿ ನೆದರ್ಲೆಂಡ್ಸಿನ ವೈಕ್ ಆನ್ ಜೀಯಲ್ಲಿ ನಡೆದ ಟಾಟಾ ಸ್ಟೀಲ್ ಟೂರ್ನಮೆಂಟಿನ ಆಟ. ಬಿಳಿ ಲೆವೊನ್ ಅರೋನಿಯನ್, ಆಗಿನ ರೇಟಿಂಗ್ ಪಟ್ಟಿಯಲ್ಲಿ ಜಗತ್ತಿಗೇ ಮೂರನೆಯವರು. ಕಪ್ಪು ನಮ್ಮ ವಿಶ್ವನಾಥನ್ ಆನಂದ್, ಆಗ ವಿಶ್ವ ಚಾಂಪಿಯನ್. ಬರೀ 23 ನಡೆ, ಅರೋನಿಯನ್ ಸೋಲೊಪ್ಪಿ ಕೈ ಕೊಟ್ಬಿಟ್ರು. ಕೊನೇ ಪೊಸಿಷನ್ ನೋಡಿ (ಮನೆ ಹೆಸರಲ್ಲಿ ಅಕ್ಷರ ಅಂದ್ರೆ ಉದ್ದ ಸಾಲು, ಅಂಕಿ ಅಂದ್ರೆ ಅಡ್ಡ ಸಾಲು), ಬಿಳಿಯ ಎ1 ಆನೆ, ಸಿ1 ಒಂಟೆ ಎರಡೂ ಆಟ ಶುರುವಾದಾಗ ಇದ್ದ ಮನೆ ಬಿಟ್ಟು ಕದಲೇ ಇಲ್ಲ. ಅಷ್ಟರಲ್ಲಿ ಕಪ್ಪಿನ ಎರಡು ಒಂಟೆ, ಒಂದು ಕುದುರೆ, ಕ್ವೀನ್ ನಾಲ್ಕೂ ಬಿಳಿ ರಾಜನ ಕಡೆ ಗುರಿ ಇಟ್ಟು ನಿಂತಿದ್ವು.

ಮಲೆನಾಡಿನ ಮಕ್ಕಳಿಗೆ ಕಪ್ಪು ಅಂದ್ರೆ ಭಯ ಹೋಗ್ಬೇಕು ಅಂದ್ರೆ ಹಿಂಗಿರೋ ಆಟಗಳನ್ನ ಓಪನಿಂಗ್ ಕಲಿಸೋದಕ್ಕೂ ಮುಂಚೆ ತೋರಿಸ್ಬೇಕು ಅನ್ನೋದು ನನ್ನ ಅಭಿಪ್ರಾಯ. ನೀವೇನಂತೀರಿ?

ಸಾಗರದ_ಅಮ್ಮ:
ಸರ್, ಆ "ಡ್ರಾ ಸಾಕು" ಅನ್ನೋರಲ್ಲಿ ನಾನೂ ಸೇರಿರ್ತೀನಿ, ಮಗಳು ಆರನೇ ಕ್ಲಾಸು. ಸೋತು ಅಳ್ತಾ ಬರೋದು ಬೇಡ ಅಂತ ಪ್ರೀತಿಯಿಂದ ಹೇಳೋ ಮಾತದು. ನಂಗೆ ಕಾಯಿ ನಡೆಸೋಕೆ ಬರುತ್ತೆ ಅಷ್ಟೆ, ಈ ಆಟದಲ್ಲಿ ಅಂಥಾದ್ದು ಏನಾಯ್ತು ಅಂತ ನನ್ನಂಥೋರಿಗೂ ಅರ್ಥ ಆಗೋ ಹಂಗೆ ಹೇಳ್ತೀರಾ? ಅವ್ಳ ಜೊತೆ ಕೂತು ಬೋರ್ಡ್ ಮೇಲೆ ಇಟ್ಟು ನೋಡ್ಬೇಕು ಅಂತ ಆಸೆ.

ತುಂಗಾತೀರ_ಕುದುರೆ:
ಖಂಡಿತ ಮೇಡಂ. ಮೊದಲ ಹನ್ನೊಂದು ನಡೆ ಬೇಗ ಬೇಗ ಇಟ್ಕೊಂಡು ಹೋಗಿ. ಸೆಮಿ-ಸ್ಲಾವ್ ಅನ್ನೋ ಓಪನಿಂಗು, ಅದ್ರಲ್ಲಿ ಮೆರಾನ್ ಅನ್ನೋ ದಾರಿ: ಬಿಳಿ ಡಿ4, ಕಪ್ಪು ಡಿ5, ಸಿ4, ಸಿ6, ಕುದುರೆ ಎಫ್3, ಕುದುರೆ ಎಫ್6, ಕುದುರೆ ಸಿ3, ಇ6, ಇ3, ಕುದುರೆ ಬಿ8ಯಿಂದ ಡಿ7, ಒಂಟೆ ಡಿ3, ಕಪ್ಪಿನ ಪಾನ್ ಸಿ4 ಹೊಡೀತು, ಬಿಳಿ ಒಂಟೆ ಸಿ4 ಹೊಡೀತು, ಬಿ5, ಒಂಟೆ ವಾಪಸ್ ಡಿ3, ಒಂಟೆ ಡಿ6, ಇಬ್ರೂ ರಾಜನ ಕಡೆ ಕ್ಯಾಸಲಿಂಗ್, ಕ್ವೀನ್ ಸಿ2, ಒಂಟೆ ಬಿ7, ಎ3, ಆನೆ ಸಿ8.

12ನೇ ನಡೆ, ಬಿಳಿ ಕುದುರೆ ಜಿ5ಗೆ ಹಾರಿ ಎಚ್7 ಪಾನ್ ಮೇಲೆ ಕಣ್ಣಿಡುತ್ತೆ. ಕಪ್ಪು ಹಿಡ್ಕೊಂಡು ಮಕ್ಕಳು ಕೂತಿದ್ರೆ ತೊಂಬತ್ತು ಪಾಲು ಇಲ್ಲಿ ಎಚ್6 ಆಡ್ತಾರೆ ಇಲ್ಲಾ ಜಿ6 ಆಡ್ತಾರೆ. ಆನಂದ್ ಆಡಿದ್ದು ಸಿ5! ತಗೋ ಎಚ್7, ನಾನು ಮಧ್ಯದಲ್ಲಿ ಹೊಡೀತೀನಿ ಅಂತ. 13ನೇ ನಡೇಲಿ ಕುದುರೆ ಎಚ್7 ತಿಂತು, ಎಫ್8 ಆನೆ ಮೇಲೂ ಕೂತಿದೆ, ಆನಂದ್ ಅದನ್ನೂ ಬಿಟ್ಟು ಕುದುರೆ ಜಿ4. ಈಗ ಕಪ್ಪಿನ ಡಿ6 ಒಂಟೆ, ಜಿ4 ಕುದುರೆ ಎರಡೂ ಎಚ್2 ಮೇಲೆ. ಅರೋನಿಯನ್ ಎಫ್4 ತಳ್ಳಿ ಒಂಟೆ ದಾರಿ ಮುಚ್ಚಿದ್ರು. ಕಪ್ಪು ಡಿ4 ಹೊಡೀತು, ಬಿಳಿ ಇ ಪಾನ್‌ನಿಂದ ವಾಪಸ್ ಹೊಡೀತು.

ಇಲ್ಲಿ ನಿಲ್ಸಿ ಮೇಡಂ. ಮಗಳಿಗೆ ಕೇಳಿ, ಒಂಟೆ ದಾರಿ ಮುಚ್ಚಿದ್ದಾರೆ, ನೀನಾದ್ರೆ ಏನು ಮಾಡ್ತೀಯ ಅಂತ. ಆನಂದ್ ಮಾಡಿದ್ದು 15ನೇ ನಡೇಲಿ ಒಂಟೆ ಸಿ5. ಒಂದು ದಾರಿ ಮುಚ್ಚಿದ್ರೆ ಪಕ್ಕದ ದಾರಿ! ಬಿಳಿ ಎಫ್ ಪಾನೂ ಇ ಪಾನೂ ಜಾಗ ಬಿಟ್ಟಿದ್ರಿಂದ ಸಿ5ಯಿಂದ ಜಿ1ವರೆಗೆ ಅಡ್ಡ ಇರೋದು ಡಿ4 ಪಾನ್ ಒಂದೇ. ಬಿಳಿ ಆ ಒಂಟೆ ತಿಂದ್ರೆ ಡಿ7 ಕುದುರೆ ಸಿ5ಗೆ ಬಂದು ತಿನ್ನುತ್ತೆ, ಡಿ ಫೈಲ್ (ಉದ್ದ ಸಾಲು) ತೆರ್ಕೊಳ್ಳುತ್ತೆ, ಡಿ3 ಒಂಟೆ ಮೇಲೆ ಕುದುರೆ ಕ್ವೀನ್ ಎರಡೂ. ಅದಕ್ಕೆ ಅರೋನಿಯನ್ ಒಂಟೆನ ಇ2ಗೆ ಇಳಿಸಿದ್ರು.

ಈಗ ಬರೋದು 16ನೇ ನಡೆ, ಡಿ7 ಕುದುರೆ ಇ5ಗೆ. ಎಫ್4 ಪಾನಿನ ಬಾಯಿಗೇ ಕುದುರೆ! ತಿಂದ್ರೆ? ಕ್ವೀನ್ ಡಿ4 ಹೊಡೆದು ಚೆಕ್, ರಾಜ ಎಚ್1, ಕ್ವೀನ್ ಜಿ1ಗೆ ಹೋಗಿ ಚೆಕ್, ಆನೆ ತಿನ್ಲೇಬೇಕು, ಆಮೇಲೆ ಜಿ4 ಕುದುರೆ ಎಫ್2ಗೆ ಹಾರಿದ್ರೆ ಮೇಟ್. ರಾಜನ ಸುತ್ತ ಅವನದೇ ಕಾಯಿಗಳು, ಉಸಿರಾಡೋಕೆ ಜಾಗ ಇಲ್ಲ. ಸಿ2 ಕ್ವೀನ್ ಎಫ್2 ತಿನ್ನೋಣ ಅಂದ್ರೆ ಮಧ್ಯ ಇ2ನಲ್ಲಿ ತನ್ನದೇ ಒಂಟೆ ಅಡ್ಡ. ನಾ ಮಕ್ಕಳಿಗೆ ಇದನ್ನ ತೋರಿಸಿದಾಗ ಒಬ್ಬ ಹುಡುಗ ಎದ್ದು ನಿಂತು ಬೋರ್ಡ್ ಸುತ್ತ ಒಂದು ಸುತ್ತು ಹಾಕ್ದ.

ಹೊಸನಗರ_ಪಾನ್:
ಅಣ್ಣ ನಾನು ಪಿಯುಸಿ. ಇದ್ರ ಮುಂದಿನ ಭಾಗ ನಂಗೆ ಇನ್ನೂ ಇಷ್ಟ. 17ರಲ್ಲಿ ಬಿಳಿ ಒಂಟೆ ಜಿ4 ಕುದುರೆ ತಿಂತು, ಕಪ್ಪು ಒಂಟೆ ಡಿ4 ತಿಂದು ಚೆಕ್, ರಾಜ ಎಚ್1, ಇ5 ಕುದುರೆ ಜಿ4 ತಿಂತು, ಆಮೇಲೆ 19ರಲ್ಲಿ ಬಿಳಿ ಕುದುರೆ ಎಫ್8 ಆನೆನೇ ತಿಂದ್ಬಿಡ್ತು. ನಾವಾದ್ರೆ ಕಣ್ಮುಚ್ಚಿ ಕುದುರೆ ವಾಪಸ್ ತಿಂತೀವಿ. ಆನಂದ್ ತಿನ್ನಲ್ಲ, ಎಫ್5 ಆಡ್ತಾರೆ. ಯಾಕಂದ್ರೆ ಕ್ವೀನ್ ಸಿ2ಯಿಂದ ಎಚ್7ಗೆ ಬಂದು ಚೆಕ್ ಕೊಡೋ ದಾರಿ ಇತ್ತು, ಆ ಒಂದು ಪಾನಿಂದ ಅದು ಬಂದ್. ಎಫ್8 ಕುದುರೆ ಎಲ್ಲಿಗೆ ಹೋಗುತ್ತೆ ಪಾಪ, ಅದು ಜಿ6ಗೆ ಬಂತು, ಕ್ವೀನ್ ಎಫ್6, ಬಿಳಿ ಎಚ್3, ಕ್ವೀನ್ ಜಿ6ರಲ್ಲಿ ಕುದುರೆ ತಿಂತು.

ಇಲ್ಲಿ ನಂಗೊಂದು ಡೌಟು. ಎಚ್3 ಪಾನ್ ಜಿ4 ಕುದುರೆ ತಿನ್ಬೋದಿತ್ತಲ್ಲ? ಬಿಳಿ ಯಾಕೆ ತಿನ್ಲಿಲ್ಲ?

ಹಳೇ_ಮೇಷ್ಟ್ರು:
ಪಾನ್ ತಮ್ಮಾ, ತಿಂದ್ರೆ ಎಚ್ ಫೈಲ್ ಬಯಲಾಗುತ್ತೆ. ಮಂತ್ರಿ (ನೀವೆಲ್ಲ ಅನ್ನೋ ಕ್ವೀನ್) ಜಿ6ರಿಂದ ಎಚ್6ಗೆ ಬಂದ್ರೆ ಅಲ್ಲೇ ಮೇಟ್. ರಾಜ ಜಿ1ಗೆ ಹೋಗೋಣ ಅಂದ್ರೆ ಡಿ4 ಒಂಟೆ ಕಾಯ್ತಿದೆ. ಮಧ್ಯಕ್ಕೆ ಅಡ್ಡ ಹಾಕೋಕೆ ಬಿಳಿ ಕಡೆ ಯಾವ ಕಾಯಿನೂ ತಲುಪೋದಿಲ್ಲ, ಸಿ1 ಒಂಟೆ ಎಚ್6 ಮಂತ್ರಿನ ತಿನ್ನಬಹುದಿತ್ತೇನೋ, ಆದ್ರೆ ಎಫ್4ರಲ್ಲಿ ತನ್ನದೇ ಪಾನ್ ದಾರಿ ಕಟ್ಟಿದೆ. 14ನೇ ನಡೇಲಿ ರಕ್ಷಣೆಗೆ ಅಂತ ತಳ್ಳಿದ ಪಾನೇ ಇಲ್ಲಿ ಅಡ್ಡ ಬಂತು ನೋಡಿ.

ಕೊನೆ ನಡೆ ಯಾರೂ ಇನ್ನೂ ಹೇಳಿಲ್ಲ, ನಾನೇ ಹೇಳ್ತೀನಿ. 22ರಲ್ಲಿ ಬಿಳಿ ಮಂತ್ರಿ ಇ2, ಕಪ್ಪು ಮಂತ್ರಿ ಎಚ್5. ಎಚ್3 ಹೊಡೆದು ಮೇಟ್ ಮಾಡೋ ಬೆದರಿಕೆ. ಜಿ2 ಪಾನ್ ತಿನ್ನಬಹುದಲ್ಲ ಅಂದ್ರೆ ಆಗಲ್ಲ, ಬಿ7 ಒಂಟೆ ಅಷ್ಟು ದೂರದಿಂದ ಅದನ್ನ ರಾಜನಿಗೆ ಸೇರಿಸಿ ಕಟ್ಟಿಹಾಕಿದೆ. ಎಚ್3 ಪಾನಿಗೂ ಅದೇ ಗತಿ, ಅದನ್ನ ಎಚ್5 ಮಂತ್ರಿ ಕಟ್ಟಿದೆ. ಅರೋನಿಯನ್ ಮಂತ್ರಿನ ಡಿ3ಗೆ ತಂದು ಮೂರನೇ ಸಾಲಿಂದ ಎಚ್3 ಕಾಯ್ತಾರೆ. ಆಗ ಆನಂದ್ ಒಂಟೆನ ಇ3ರಲ್ಲಿ ಇಡ್ತಾರೆ. ದಾರಿ ಮಧ್ಯೆ ಅಡ್ಡ! ಮಂತ್ರಿ ಎಚ್3 ಕಾಯೋಕಾಗಲ್ಲ, ಸಿ1 ಒಂಟೆಯಿಂದ ಅದನ್ನ ತಿಂದ್ರೂ ಇ3ರಲ್ಲಿ ಬಿಳಿ ಕಾಯಿನೇ ಅಡ್ಡ ನಿಲ್ಲುತ್ತೆ, ಮಂತ್ರಿಯಿಂದ ತಿಂದ್ರೆ ಜಿ4 ಕುದುರೆ ಮಂತ್ರಿನೇ ತಿನ್ನುತ್ತೆ. ಅಲ್ಲಿಗೆ ಮುಗೀತು.

ಇದು ನೋಡಿದಾಗ ನಂಗೆ ಥಟ್ಟನೆ ನೆನಪಾಗೋದು 1907ರಲ್ಲಿ ಪೋಲೆಂಡಿನ ಲೋಡ್ಜ್‌ನಲ್ಲಿ ನಡೆದ ರೊಟ್ಲೆವಿ–ರೂಬಿನ್‌ಸ್ಟೀನ್ ಆಟ. ಅಲ್ಲೂ ಗೆದ್ದದ್ದು ಕಪ್ಪು, ಅಲ್ಲೂ ಎರಡು ಒಂಟೆಗಳು ಪಕ್ಕಪಕ್ಕದ ಡಯಾಗನಲ್ (ಓರೆ ಸಾಲು) ಮೇಲೆ ಬಿಳಿ ರಾಜನ ಕಡೆ ಗುರಿ ಇಟ್ಟಿದ್ವು, 25 ನಡೇಲಿ ಮುಗೀತು. ರೂಬಿನ್‌ಸ್ಟೀನ್ ಮಂತ್ರಿನೇ ಬಿಟ್ಟುಕೊಟ್ಟು ಆನೆಗಳನ್ನ ಒಂದರ ಹಿಂದೆ ಒಂದು ಒಳಗೆ ನುಗ್ಗಿಸ್ತಾರೆ. ಆನಂದ್ ಅವರೂ ತಮ್ಮ ಆಟ ಮುಗಿದ ಮೇಲೆ ರೂಬಿನ್‌ಸ್ಟೀನ್ ಆಟವನ್ನ ನೆನೆಸ್ಕೊಂಡಿದ್ರು. ನೂರು ವರ್ಷದ ಹಿಂದಿನ ಆಟ ಓದಿದವರಿಗೆ ಬೋರ್ಡ್ ಮೇಲೆ ದಾರಿ ಕಾಣೋದು ಹೀಗೆ. ಮಕ್ಕಳಿಗೆ ಎರಡನ್ನೂ ಒಂದೇ ದಿನ ತೋರಿಸಿ ಅಂತ ನನ್ನ ಸಲಹೆ.

ಎಂಡ್‌ಗೇಮ್_ಪ್ರಿಯ:
ಆಟ ಚಂದ, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಮಕ್ಕಳಿಗೆ ಇದನ್ನ ಮೊದಲ ಪಾಠ ಮಾಡೋದು ತಪ್ಪು ಅಂತ ನಾನು ಗಟ್ಟಿಯಾಗಿ ಹೇಳ್ತೀನಿ. ಇದು ಮನೇಲಿ ತಯಾರಿ ಮಾಡಿದ್ದ ಆಟ ಮಾರಾಯ್ರೆ! 2012ರಲ್ಲಿ ಮಾಸ್ಕೋದಲ್ಲಿ ಗೆಲ್ಫಾಂಡ್ ಜೊತೆ ವಿಶ್ವ ಚಾಂಪಿಯನ್‌ಷಿಪ್ ಆಡಿದ್ರಲ್ಲ, ಅದಕ್ಕೆ ಅಂತ ಮಾಡಿಟ್ಟಿದ್ದ ತಯಾರಿ ಇದು ಅಂತ ಆನಂದ್ ಅವ್ರೇ ಹೇಳಿದಾರೆ. ಒಂದು ಟೀಮು, ಕಂಪ್ಯೂಟರ್ರು, ತಿಂಗಳುಗಟ್ಟಲೆ ಕೆಲಸ. ನಮ್ ಹುಡುಗ್ರು ಇದನ್ನ ನೋಡಿ ನಾನೂ ಆನೆ ಬಿಟ್ಟು ಅಟ್ಯಾಕ್ ಮಾಡ್ತೀನಿ ಅಂತ ಹೋಗಿ ಸಾಗರದ ಟೂರ್ನಮೆಂಟಲ್ಲಿ 18ನೇ ನಡೆಗೆ ಕೈ ಕೊಟ್ಟು ಬರ್ತಾರೆ.

ಕಪ್ಪಲ್ಲಿ ಗೆಲ್ಲೋದು ಅಂದ್ರೆ ತೋರಿಸ್ಬೇಕಾದ್ದು ಗುಕೇಶ್ ಆಟ. 2024ರ ಡಿಸೆಂಬರ್ 12, ಸಿಂಗಾಪುರ, ವಿಶ್ವ ಚಾಂಪಿಯನ್‌ಷಿಪ್ಪಿನ 14ನೇ ಗೇಮು, ಕೊನೇ ಕ್ಲಾಸಿಕಲ್ ಗೇಮು. ಸ್ಕೋರು 6.5–6.5. ಆಗಿನ ಚಾಂಪಿಯನ್ ಡಿಂಗ್ ಲಿರೆನ್ ಬಿಳಿ, ಗುಕೇಶ್ ಕಪ್ಪು. ಡ್ರಾ ಆದ್ರೆ ಮಾರನೇ ದಿನ ರ್‍ಯಾಪಿಡ್ ಟೈಬ್ರೇಕು, ಎಲ್ರೂ ಅದೇ ಆಗುತ್ತೆ ಅಂತ ಕೂತಿದ್ರು. ಗುಕೇಶ್ ಹತ್ರ ಇದ್ದದ್ದು ಒಂದೇ ಒಂದು ಹೆಚ್ಚಿನ ಪಾನ್, ಪಾನ್‌ಗಳೆಲ್ಲ ರಾಜನ ಕಡೆನೇ, ಇಬ್ರಿಗೂ ಒಂದೊಂದು ಆನೆ ಒಂದೊಂದು ಒಂಟೆ, ಸರಿಯಾಗಿ ಕಾದ್ರೆ ಡ್ರಾ ಆಗೋ ಪೊಸಿಷನ್ನೇ. ಆದ್ರೂ 18 ವರ್ಷದ ಹುಡುಗ ಕೈ ಕುಲುಕಲಿಲ್ಲ, ಒತ್ತುತ್ತಾನೇ ಇದ್ದ. 55ನೇ ನಡೇಲಿ ಡಿಂಗ್ ಆನೆನ ಎಫ್2ಗೆ ಇಟ್ಟು ಆನೆ ಬದಲಾಯಿಸೋಕೆ ಹೋದ್ರು. ಬಿಳಿ ಒಂಟೆ ಎ8 ಮೂಲೇಲಿ ಸಿಕ್ಕಿತ್ತು. ಆನೆ ಹೋದ್ಮೇಲೆ ಗುಕೇಶ್ ತನ್ನ ಒಂಟೆನ ಡಿ5ಗೆ ಇಟ್ಟ, ಬಿಳಿ ಒಂಟೆಗೆ ತಪ್ಪಿಸ್ಕೊಳ್ಳೋಕೆ ಜಾಗನೇ ಇಲ್ಲ, ಒಂಟೆನೂ ಬದಲಾಯ್ತು, ಉಳಿದದ್ದು ಬರೀ ರಾಜ ಮತ್ತು ಪಾನ್, ಒಂದರ ಮುಂದೆ ಎರಡು. 58ನೇ ನಡೆಗೆ ಮುಗೀತು, 7.5–6.5. ಕಾಸ್ಪರೋವ್ 22ನೇ ವಯಸ್ಸಿಗೆ ವಿಶ್ವ ಚಾಂಪಿಯನ್ ಆಗಿದ್ರು, ಇವ್ನು 18ಕ್ಕೇ ಆದ. ಆನೆ ತ್ಯಾಗ, ಕ್ವೀನ್ ತ್ಯಾಗ ಒಂದೂ ಇಲ್ಲ. ತಾಸುಗಟ್ಟಲೆ ಕೂರೋ ತಾಳ್ಮೆ, ಅಷ್ಟೇ. ಅದು ನಮ್ ಮಕ್ಕಳು ಕಲೀಬಹುದಾದ್ದು.

ಭದ್ರಾವತಿ_ಆನೆ:
ಪ್ರಿಯ ಅವ್ರೇ, ಆ ಮ್ಯಾಚಿನ ಮೊದಲ ಗೇಮನ್ನೂ ಸೇರಿಸ್ಕೊಳ್ಳಿ. ಅಲ್ಲೂ ಗೆದ್ದದ್ದು ಕಪ್ಪೇ, ಆದ್ರೆ ಅವತ್ತು ಕಪ್ಪು ಡಿಂಗ್ ಕೈಲಿತ್ತು, ಸೋತದ್ದು ಬಿಳಿ ಹಿಡಿದ ಗುಕೇಶ್. ಹದಿನಾಲ್ಕು ಗೇಮಲ್ಲಿ ಐದಕ್ಕೆ ಫಲಿತಾಂಶ ಬಂತು, ಅದ್ರಲ್ಲಿ ಎರಡು ಕಪ್ಪಿಂದು, ಅದೂ ಮೊದಲನೇದು ಮತ್ತೆ ಕೊನೇದು. ಮೊದಲ ದಿನ ಬಿಳಿಯಲ್ಲಿ ಸೋತವನು ಕೊನೇ ದಿನ ಕಪ್ಪಲ್ಲಿ ಗೆದ್ದ ಅಂತ ಮಕ್ಕಳಿಗೆ ಹೇಳಿ, ಕಣ್ಣು ಅರಳುತ್ತೆ.

ಇನ್ನೊಂದು, ವೈಕ್ ಆನ್ ಜೀ ಬಗ್ಗೆ ಭದ್ರಾವತಿಯೋನಾಗಿ ನಾನು ಹೇಳ್ಲೇಬೇಕು. ಆ ಟೂರ್ನಮೆಂಟು ಹುಟ್ಟಿದ್ದೇ ಉಕ್ಕಿನ ಕಾರ್ಖಾನೆಯಿಂದ. 1938ರಲ್ಲಿ ಪಕ್ಕದ ಬೆವರ್‌ವೈಕ್‌ನಲ್ಲಿ ಹೂಗೊವೆನ್ಸ್ ಅನ್ನೋ ಉಕ್ಕು ಕಂಪ್ನಿ ಹೆಸರಲ್ಲಿ ಸಣ್ಣದಾಗಿ ಶುರುವಾಯ್ತು, 1968ರಲ್ಲಿ ವೈಕ್ ಆನ್ ಜೀಗೆ ಬಂತು, ಕಂಪ್ನಿ ಕೈ ಬದಲಾದಂಗೆ ಹೆಸರೂ ಬದಲಾಗಿ ಈಗ ಟಾಟಾ ಸ್ಟೀಲ್. ಯುದ್ಧ ಕಾಲದ ಬಡತನದ ನೆನಪಿಗೆ ಬಟಾಣಿ ಸೂಪ್ ಬಡಿಸೋ ಪದ್ಧತಿ ಇಟ್ಕೊಂಡಿದಾರೆ. ದೊಡ್ಡ ಗ್ರ್ಯಾಂಡ್‌ಮಾಸ್ಟರ್‌ಗಳು ಆಡೋ ಅದೇ ಹಾಲಲ್ಲಿ ಸಾಮಾನ್ಯ ಜನರೂ ಸಾಲುಸಾಲಾಗಿ ಕೂತು ತಮ್ಮ ಗುಂಪಿನ ಆಟ ಆಡ್ತಾರೆ. ನಮ್ಮೂರಲ್ಲೂ ನೂರು ವರ್ಷ ದಾಟಿದ ಉಕ್ಕಿನ ಕಾರ್ಖಾನೆ ಇದೆ, ಕಾರ್ಖಾನೆ ಊರು ಅಂದ್ರೆ ಆಟೋಟ ಇದ್ದೇ ಇರುತ್ತೆ, ಅಂಥಾ ಒಂದು ವಾರ್ಷಿಕ ಟೂರ್ನಮೆಂಟು ಇಲ್ಲಿ ನಡೀಬೇಕು ಅನ್ನೋದು ನನ್ನ ಬಹಳ ದಿನದ ಆಸೆ.

ನಮ್ಮ ಜಿಲ್ಲೆಯಿಂದಲೇ ಗ್ರ್ಯಾಂಡ್‌ಮಾಸ್ಟರ್ ಆದ ಜಿ.ಎ. ಸ್ಟ್ಯಾನಿ ಇದಾರೆ, ಅದನ್ನೂ ಮಕ್ಕಳಿಗೆ ಹೇಳಿ. ಚೆನ್ನೈಯಲ್ಲೇ ಹುಟ್ಟಬೇಕು ಅಂತೇನಿಲ್ಲ.

ತುಂಗಾತೀರ_ಕುದುರೆ:
ಎಂಡ್‌ಗೇಮ್_ಪ್ರಿಯ ಅವ್ರೇ, ತಯಾರಿ ಅಂದ ಮಾತಿಗೆ ನನ್ನ ಉತ್ರ ಇದು. ತಯಾರಿ ಇತ್ತು, ಸರಿ. ಆದ್ರೆ ಆ ತಯಾರಿ ಮಾಡಿದ್ದು ಹಿಂದಿನ ವರ್ಷದ ಮ್ಯಾಚಿಗೆ. ಬೋರ್ಡ್ ಮುಂದೆ ಕೂತು ಅದನ್ನ ನೆನಪಿಗೆ ತಂದ್ಕೊಂಡು, ಯಾವ ಕುದುರೆ ಯಾವಾಗ ಅಂತ ಲೆಕ್ಕ ಹಾಕಿ ಆಡೋದು ಬಾಯಿಪಾಠ ಒಪ್ಪಿಸಿದಂಗಲ್ಲ. ಅದಕ್ಕಿಂತ ಮುಖ್ಯ, ತಯಾರಿ ಮಾಡುವಾಗ ಆನಂದ್ ಕಪ್ಪಿಗೆ ಹುಡುಕ್ತಿದ್ದದ್ದು ಏನು? ಡ್ರಾ ಮಾಡೋ ದಾರಿ ಹುಡುಕಿದ್ರೆ ಸಿ5 ಸಿಕ್ತಿರ್ಲಿಲ್ಲ. ಗೆಲ್ಲೋ ದಾರಿ ಹುಡುಕಿದ್ರು, ಅದಕ್ಕೇ ಸಿಕ್ತು.

ಇದು ಒಂದು ಆಟದ ಕತೆನೂ ಅಲ್ಲ. 2008ರಲ್ಲಿ ಜರ್ಮನಿಯ ಬಾನ್‌ನಲ್ಲಿ ಕ್ರಾಮ್ನಿಕ್ ಜೊತೆ ಆಡಿದ ವಿಶ್ವ ಚಾಂಪಿಯನ್‌ಷಿಪ್ ತಗೊಳ್ಳಿ. ಮೂರನೇ ಗೇಮು, ಐದನೇ ಗೇಮು, ಎರಡರಲ್ಲೂ ಆನಂದ್ ಕಪ್ಪು, ಎರಡರಲ್ಲೂ ಇದೇ ಮೆರಾನ್, ಎರಡೂ ಗೆದ್ರು. ಬಿಳಿ ಹಿಡಿದ್ರೆ ಸೋಲೋದೇ ಅಪರೂಪ ಅನ್ನಿಸ್ಕೊಂಡಿದ್ದ ಕ್ರಾಮ್ನಿಕ್ ವಿರುದ್ಧ! 6.5–4.5ಕ್ಕೆ ಮ್ಯಾಚ್ ಮುಗೀತು, ಅದ್ರ ಬೆನ್ನೆಲುಬು ಆ ಎರಡು ಆಟ. 2010ರ ಮೇ 11, ಸೋಫಿಯಾ, ಟೊಪಲೋವ್ ಜೊತೆ 12ನೇ ಗೇಮು, ಸ್ಕೋರು ಸಮ, ಮತ್ತೆ ಕಪ್ಪು. ಜ್ವಾಲಾಮುಖಿ ಬೂದಿಯಿಂದ ವಿಮಾನ ಎಲ್ಲ ನಿಂತು ರಸ್ತೆ ಮೇಲೆ ಫ್ರಾಂಕ್‌ಫರ್ಟ್‌ನಿಂದ ಸೋಫಿಯಾಕ್ಕೆ ಹೋಗಿದ್ರಲ್ಲ, ಅದೇ ಮ್ಯಾಚು. ಆನಂದ್ ಗಟ್ಟಿಯಾದ ಲಾಸ್ಕರ್ ಡಿಫೆನ್ಸ್ ಆಡಿದ್ರು, ಟೊಪಲೋವ್ ಪಾನ್ ತಿನ್ನೋಕೆ ಹೋಗಿ ತನ್ನ ರಾಜನ ಮುಂದೆ ಇದ್ದ ಬೇಲಿ ತಾನೇ ಕಿತ್ಕೊಂಡ್ರು, ಆನಂದ್ ಕ್ವೀನ್ ಒಳಗೆ ಬಂತು, 6.5–5.5. ಆಮೇಲೆ ನೀವೇ ಹೇಳಿದ ಸಿಂಗಾಪುರ. ಭಾರತಕ್ಕೆ ವಿಶ್ವ ಕಿರೀಟ ತಂದ ಆಟಗಳಲ್ಲಿ ಇಷ್ಟು ಕಪ್ಪಲ್ಲಿ ಬಂದಿರುವಾಗ ನಮ್ ಮಕ್ಕಳು ಕಪ್ಪು ನೋಡಿ ಯಾಕೆ ಹೆದರ್ಬೇಕು ಹೇಳಿ?

ಎಂಡ್‌ಗೇಮ್_ಪ್ರಿಯ:
ಸೋಫಿಯಾ ಆಟ ನೀವು ತಂದದ್ದು ಒಳ್ಳೇದಾಯ್ತು, ಅದು ನನ್ನ ಕಡೆ ವಾದಕ್ಕೂ ಬಲ ಕೊಡುತ್ತೆ. ಆನಂದ್ ಅಲ್ಲಿ ಮೊದಲು ಏಟು ತಡ್ಕೊಳ್ಳೋ ಓಪನಿಂಗ್ ಆರಿಸಿದ್ರು, ಎದುರಾಳಿ ಹದ ತಪ್ಪಿದ ಮೇಲೆ ಹೊಡೆದ್ರು. ನಾನು ಹೇಳೋದೂ ಅಷ್ಟೇ. ಗೆಲ್ಲೋ ಮನಸ್ಸು ಇರ್ಲಿ, ಖಂಡಿತ ಇರ್ಲಿ, ಆದ್ರೆ ಮೊದಲು ಮಕ್ಕಳಿಗೆ ಕ್ಯಾಸಲಿಂಗ್, ಕಾಯಿ ಹೊರಗೆ ತರೋದು, ರಾಜ-ಪಾನ್ ಎಂಡ್‌ಗೇಮ್ ಗಟ್ಟಿಯಾಗ್ಲಿ. ಅಡಿಕೆ ಸಸಿ ನೆಟ್ಟ ವರ್ಷನೇ ಕೊನೆ ಇಳಿಸೋಕಾಗಲ್ಲ.

ಹೊಸನಗರ_ಪಾನ್:
ಇಬ್ರು ಹೇಳೋದೂ ನಂಗೆ ಬೇಕು ಅಣ್ಣ. ನಾನು ಕಪ್ಪಲ್ಲಿ ಸೋಲೋದು ಯಾವಾಗ ಗೊತ್ತಾ, ಎದುರಾಳಿ ಅಟ್ಯಾಕ್ ಶುರು ಮಾಡಿದ ತಕ್ಷಣ ಎಲ್ಲಾ ಕಾಯಿ ರಾಜನ ಸುತ್ತ ಎಳ್ಕೊಂಡು ಕೂರ್ತೀನಿ. ಅವ್ನು ನಿಧಾನಕ್ಕೆ ಒಂದೊಂದೇ ಕಾಯಿ ತರ್ತಾ ಹೋಗ್ತಾನೆ, ನಂಗೆ ನಡೆಸೋಕೆ ಜಾಗನೇ ಇರಲ್ಲ. ಆನಂದ್ ಆಟದಲ್ಲಿ ಬಿಳಿ ಕುದುರೆ ಬದಿಯಲ್ಲಿ ಎಚ್7ಗೆ ಬಂದಾಗ ಅವ್ರು ಮಧ್ಯದಲ್ಲಿ ಸಿ5 ಹೊಡೆದ್ರಲ್ಲ, ಅದು ನನ್ನ ತಲೇಲಿ ಕೂತ್ಬಿಡ್ತು.

ಹಳೇ_ಮೇಷ್ಟ್ರು:
ಅದೇ ಸೂತ್ರ ತಮ್ಮಾ, ಬದಿಯಲ್ಲಿ ದಾಳಿ ಬಂದ್ರೆ ಮಧ್ಯದಲ್ಲಿ ಪ್ರತಿದಾಳಿ. ಇದನ್ನ ಬಹಳ ಕಾಲದಿಂದ ಹೇಳ್ಕೊಂಡು ಬಂದಿದಾರೆ, ಬೋರ್ಡ್ ಮೇಲೆ ಕಂಡಾಗಲೇ ನಂಬಿಕೆ ಬರೋದು. ಇನ್ನೊಂದು ಆಟನೂ ನೋಡು, 1956ರಲ್ಲಿ ನ್ಯೂಯಾರ್ಕಲ್ಲಿ 13 ವರ್ಷದ ಬಾಬಿ ಫಿಷರ್ ಡೊನಾಲ್ಡ್ ಬರ್ನ್ ವಿರುದ್ಧ ಕಪ್ಪಲ್ಲಿ ಆಡಿದ್ದು. 17ನೇ ನಡೇಲಿ ಒಂಟೆ ಇ6 ಆಡಿ ಮಂತ್ರಿ ಬಿಟ್ಟುಕೊಡ್ತಾನೆ, 41ನೇ ನಡೆಗೆ ಮೇಟ್. ಬಿಳಿ ಮಂತ್ರಿ ಕೊನೇವರೆಗೂ ಬೋರ್ಡ್ ಮೇಲೆ ಇದ್ದರೂ ಪ್ರಯೋಜನಕ್ಕೆ ಬರಲ್ಲ. ಅವನಿಗೆ ಆಗ ನಿನಗಿಂತ ಚಿಕ್ಕ ವಯಸ್ಸು.

ಸಾಗರದ_ಅಮ್ಮ:
ನಿನ್ನೆ ಸಂಜೆ ಹೊರಗಡೆ ಧೋ ಅಂತ ಮಳೆ, ಕರೆಂಟಿಲ್ಲ, ಮಗಳ ಜೊತೆ ಕೂತು ಪೂರ್ತಿ ಇಟ್ಟು ನೋಡಿದ್ವಿ. 15ನೇ ನಡೇಲಿ ನಿಲ್ಸಿ ಕೇಳಿದೆ. ಅವ್ಳು ಮೊದ್ಲು ಒಂಟೆ ಹಿಂದಕ್ಕೆ ತೆಗೀಬೇಕು ಅಂದ್ಲು, ಆಮೇಲೆ ಸುಮಾರು ಹೊತ್ತು ಸುಮ್ನೆ ನೋಡಿ ಸಿ5 ಅವ್ಳೇ ತೋರಿಸಿದ್ಲು ಸರ್! ಆನೆ ಬಿಟ್ಟು ಎಫ್5 ಆಡಿದ್ದು ಮಾತ್ರ ಒಪ್ಪಲಿಲ್ಲ, ಜಗಳನೇ ಆಡಿದ್ಲು, ಕುದುರೆ ತಿಂದ್ರೆ ಏನಾಗುತ್ತೆ ಅಂತ ತಾನೇ ಇಟ್ಟು ನೋಡ್ತಿದಾಳೆ ಇನ್ನೂ. ಒಂದು ಪ್ರಶ್ನೆ. ಐದು ರೌಂಡಿನ ಟೂರ್ನಮೆಂಟಲ್ಲಿ ಅವ್ಳಿಗೆ ಮೂರು ಸಲ ಕಪ್ಪು ಬಂತು, ಇದು ಅನ್ಯಾಯ ಅಲ್ವಾ, ಆರ್ಬಿಟರ್ (ತೀರ್ಪುಗಾರರು) ಹತ್ರ ಕೇಳ್ಬೋದಿತ್ತಾ?

ಭದ್ರಾವತಿ_ಆನೆ:
ಅಕ್ಕಾ, ಅನ್ಯಾಯ ಏನಿಲ್ಲ. ಐದು ರೌಂಡು ಅಂದ್ರೆ ಬೆಸ ಸಂಖ್ಯೆ, ಯಾರಿಗಾದ್ರೂ ಮೂರು ಕಪ್ಪು ಎರಡು ಬಿಳಿ ಬರ್ಲೇಬೇಕು. ಸ್ವಿಸ್ ಪದ್ಧತೀಲಿ ಪಾಯಿಂಟ್ ಸಮ ಇರೋರನ್ನ ಜೋಡಿ ಮಾಡಿ ಬಣ್ಣ ಆದಷ್ಟು ಅದಲು ಬದಲು ಮಾಡ್ತಾರೆ, ಸಾಮಾನ್ಯವಾಗಿ ಒಂದೇ ಬಣ್ಣ ಸತತ ಮೂರು ಸಲ ಕೊಡಲ್ಲ. ಹಂಗೇನಾದ್ರೂ ಬಂದ್ರೆ ರೌಂಡ್ ಶುರುವಾಗೋ ಮುಂಚೆ ಆರ್ಬಿಟರ್ ಹತ್ರ ಹೋಗಿ ವಿನಯವಾಗಿ ಕೇಳಿ, ಗಡಿಯಾರ ಒತ್ತಿದ ಮೇಲೆ ಕೇಳಿ ಪ್ರಯೋಜನ ಇಲ್ಲ. ಕೆಲವು ಟೂರ್ನಮೆಂಟಲ್ಲಿ ಪಾಯಿಂಟ್ ಸಮ ಆದಾಗ ಕಪ್ಪಲ್ಲಿ ಹೆಚ್ಚು ಆಡಿದೋರಿಗೆ, ಇಲ್ಲಾ ಕಪ್ಪಲ್ಲಿ ಹೆಚ್ಚು ಗೆದ್ದೋರಿಗೆ ಟೈಬ್ರೇಕಲ್ಲಿ ಮೇಲುಗೈ ಕೊಡೋದೂ ಇದೆ, ಬ್ರೋಷರ್ ಓದಿ ನೋಡಿ.

ತುಂಗಾತೀರ_ಕುದುರೆ:
ಮೇಡಂ, ಮಗಳು ಸಿ5 ಕಂಡಿದ್ದಕ್ಕೆ ನಂಗೆ ತುಂಬಾ ಖುಷಿ ಆಯ್ತು! ಎಫ್5 ಬಗ್ಗೆ ಜಗಳ ಆಡ್ಲಿ, ಅದೇ ಬೇಕಾದ್ದು. ರಾಜ ಎಫ್8 ಕುದುರೆ ತಿಂದ ಅಂತ ಇಟ್ಕೊಳ್ಳಿ, ಆಗ ಬಿಳಿ ಕ್ವೀನಿಗೆ ಎಚ್7ವರೆಗಿನ ದಾರಿ ತೆರೆದೇ ಇರುತ್ತೆ, ಅಲ್ಲಿಂದ ಮುಂದಕ್ಕೆ ಬಿಳಿ ಪರವಾಗಿ ಅವ್ಳೇ ಆಡ್ಲಿ, ನೀವು ಕಪ್ಪು ಹಿಡೀರಿ.

ಎಂಡ್‌ಗೇಮ್_ಪ್ರಿಯ ಅವ್ರ ಮಾತಿನಲ್ಲಿ ಅರ್ಧ ನಾನು ತಗೊಂಡೆ. ಈ ಭಾನುವಾರ ಮೊದಲ ಗಂಟೆ ಆನಂದ್ ಆಟ, ಎರಡನೇ ಗಂಟೆ ಗುಕೇಶ್ ಆಟದ 55ನೇ ನಡೆಯ ಪೊಸಿಷನ್ ಬೋರ್ಡ್ ಮೇಲೆ ಇಟ್ಟು ಮಕ್ಕಳನ್ನ ಜೋಡಿ ಮಾಡಿ ಆಡಿಸ್ತೀನಿ, ಒಬ್ರು ಬಿಳಿ ಹಿಡಿದು ಡ್ರಾ ಉಳಿಸ್ಕೋಬೇಕು, ಇನ್ನೊಬ್ರು ಕಪ್ಪು ಹಿಡಿದು ಒತ್ತಬೇಕು, ಆಮೇಲೆ ಬದಲು. ಅಪ್ಪ ಅಮ್ಮಂದಿರೂ ಬಂದು ಕೂರ್ಬೋದು.

ಎಂಡ್‌ಗೇಮ್_ಪ್ರಿಯ:
ಸರಿ, ನಾನೂ ತೀರ್ಥಹಳ್ಳಿಯಿಂದ ಬೆಳಿಗ್ಗೆ ಬಸ್ಸಿಗೆ ಬರ್ತೀನಿ. ರಾಜ-ಪಾನ್ ಎಂಡ್‌ಗೇಮ್ ಅರ್ಧ ಗಂಟೆ ನಂಗೆ ಬಿಡಿ.

ತುಂಗಾತೀರ_ಕುದುರೆ:
ಬನ್ನಿ ಬನ್ನಿ, ಅರ್ಧ ಗಂಟೆ ಏನು, ಒಂದು ಗಂಟೆ ತಗೊಳ್ಳಿ. ಬರೋ ಮಕ್ಕಳು ನಡೆ ಬರ್ಕೊಳ್ಳೋಕೆ ಒಂದು ನೋಟ್‌ಬುಕ್ಕು ಪೆನ್ನು ತರ್ಲಿ, ಬೋರ್ಡು ಗಡಿಯಾರ ನನ್ನ ಹತ್ರ ಇದೆ.